ವ್ಯಾಪಾರದ ಪುಸ್ತಕಗಳನ್ನು ಓದುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ತಂತ್ರಜ್ಞಾನ, ಹೊಸ ಆವಿಷ್ಕಾರ ಮತ್ತು ಜಾಗತೀಕರಣವನ್ನು ಕುರಿತ ವ್ಯಾಪಾರದ ಪುಸ್ತಕಗಳ ಬಗ್ಗೆ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇವೆ. ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಸಣ್ಣ ಜೀನ್ಸ್ ಯೂನಿಟ್. ಎಂಬಿಎ ಮುಗಿಸಿ ಬಂದು ತಂದೆಯವರ ಜೊತೆ ವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ಯಶಸ್ವಿ ಕಂಪನಿಗಳ ಬಗೆಗಿನ ಪುಸ್ತಕಗಳನ್ನು ಸಾಕಷ್ಟು ಕೊಂಡು ಓದಿದ್ದೇನೆ. ಓದುವಾಗ ಹುರುಪು ಬರುತ್ತದೆ. ಮರುದಿನ ಯೂನಿಟ್‌ಗೆ ಹೋದರೆ ಒಂದೂ ಉಪಯೋಗಕ್ಕೆ ಬರುವುದಿಲ್ಲ. ತಪ್ಪು ಪುಸ್ತಕದ್ದೋ ನನ್ನದೋ?
(ಬಳ್ಳಾರಿ)

ಉತ್ತರ: ತಪ್ಪು ಬಹುಪಾಲು ಪುಸ್ತಕದ್ದೇ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಈ ಪುಸ್ತಕಗಳಲ್ಲಿ ಎರಡು ಬಗೆಗಳಿವೆ. ಗೆದ್ದ ಕಂಪನಿಗಳನ್ನು ಆರಿಸಿ, ಅವುಗಳಲ್ಲಿ ಸಮಾನವಾಗಿ ಕಂಡ ಗುಣಗಳನ್ನು ಪಟ್ಟಿ ಮಾಡಿ, ಆ ಪಟ್ಟಿಯನ್ನೇ ಎಲ್ಲರಿಗೂ ಸೂತ್ರವಾಗಿ ಹಂಚುವುದು ಒಂದು ಬಗೆ. ಒಂದು ವಸ್ತುವನ್ನೋ ಒಂದು ಉದ್ಯಮವನ್ನೋ ಹಿಡಿದು, ಅದು ಯಾರ ಯಾರ ಕೈ ದಾಟಿ ಬಂತು, ಯಾರಿಗೆ ಎಷ್ಟು ಉಳಿಯಿತು, ಯಾರು ಮುಳುಗಿದರು ಎಂದು ಬೆನ್ನುಹತ್ತಿ ಹೋಗುವುದು ಇನ್ನೊಂದು ಬಗೆ. ನೀವು ಕೊಂಡವು ಮೊದಲನೆಯ ಬಗೆಯವು ಎಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ.

ಆ ಬಗೆಯ ಪುಸ್ತಕಗಳಿಗೆ ದಾರಿ ಹಾಕಿಕೊಟ್ಟದ್ದು 1982ರಲ್ಲಿ ಟಾಮ್ ಪೀಟರ್ಸ್ ಮತ್ತು ರಾಬರ್ಟ್ ವಾಟರ್‌ಮನ್ ಬರೆದ ‘ಇನ್ ಸರ್ಚ್ ಆಫ್ ಎಕ್ಸಲೆನ್ಸ್’. ನಲವತ್ತಕ್ಕೂ ಹೆಚ್ಚು ಅಮೆರಿಕನ್ ಕಂಪನಿಗಳನ್ನು ನೋಡಿ ಎಂಟು ಗುಣಗಳನ್ನು ಅದು ಪಟ್ಟಿ ಮಾಡಿತ್ತು. ಎರಡೇ ವರ್ಷಗಳಲ್ಲಿ, 1984ರ ನವೆಂಬರಿನಲ್ಲಿ, ‘ಬಿಸಿನೆಸ್ ವೀಕ್’ ಪತ್ರಿಕೆ ಅದೇ ಕಂಪನಿಗಳಲ್ಲಿ ಹಲವು ತೊಂದರೆಗೆ ಸಿಕ್ಕಿರುವುದನ್ನು ಮುಖಪುಟದ ಲೇಖನವಾಗಿಯೇ ಪ್ರಕಟಿಸಿತು. 2001ರಲ್ಲಿ ಬಂದ ಜಿಮ್ ಕಾಲಿನ್ಸ್ ಅವರ ‘ಗುಡ್ ಟು ಗ್ರೇಟ್’ 1,435 ಕಂಪನಿಗಳನ್ನು ಜರಡಿ ಹಿಡಿದು 11 ಕಂಪನಿಗಳನ್ನು ಶ್ರೇಷ್ಠವೆಂದು ಆರಿಸಿತು. ಅವುಗಳಲ್ಲಿ ಫ್ಯಾನಿ ಮೇ ಎಂಬ ಗೃಹಸಾಲದ ಸಂಸ್ಥೆಯನ್ನು 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಳ್ಳಬೇಕಾಯಿತು. ಸರ್ಕಿಟ್ ಸಿಟಿ ಎಂಬ ಮಳಿಗೆಗಳ ಸರಣಿ ಅದೇ ವರ್ಷದ ನವೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು.

ಕೊಪ್ಪಳ ಸೀಮೆಯಲ್ಲಿ ನೀರು ಬಿದ್ದ ಬೋರ್‌ವೆಲ್‌ಗಳನ್ನು ಮಾತ್ರ ಸುತ್ತಿ ನೋಡಿ, ಅವುಗಳ ಪಕ್ಕದಲ್ಲೆಲ್ಲ ಬೇವಿನ ಮರವಿತ್ತೆಂದು ಬರೆದುಕೊಂಡು ಬಂದರೆ, ಬೇವಿನ ಮರದ ಪಕ್ಕದಲ್ಲೇ ಕೊರೆಸಿ ಬರೀ ಧೂಳು ಕಂಡವರ ಲೆಕ್ಕ ಆ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ಕಾಲಿನ್ಸ್ ಅವರು ಹೋಲಿಕೆಗೆಂದು ಹಿಂದುಳಿದ ಕಂಪನಿಗಳನ್ನೂ ಇಟ್ಟುಕೊಂಡಿದ್ದರು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಕಂಪನಿ ಗೆದ್ದ ಮೇಲೆ ಅದರ ಯಜಮಾನನ ಹಟವನ್ನು ಪತ್ರಿಕೆಗಳು ದೃಢತೆ ಎನ್ನುತ್ತವೆ, ಸೋತ ಮೇಲೆ ಅದೇ ಹಟವನ್ನು ಮೊಂಡುತನ ಎನ್ನುತ್ತವೆ. ಇಂಥ ಮಾತುಗಳನ್ನೇ ಸಾಕ್ಷ್ಯವಾಗಿ ತೆಗೆದುಕೊಂಡರೆ ಫಲವನ್ನೇ ಕಾರಣವೆಂದು ತಿಳಿದಂತಾಗುತ್ತದೆ. ಫಿಲ್ ರೋಸನ್‌ಜ್ವೈಗ್ 2007ರಲ್ಲಿ ಬರೆದ ‘ದಿ ಹ್ಯಾಲೋ ಎಫೆಕ್ಟ್’ ಈ ದೋಷವನ್ನು ಬಿಡಿಸಿ ತೋರಿಸುತ್ತದೆ. ಇನ್ನೊಂದು ಸೂತ್ರದ ಪುಸ್ತಕ ಕೊಳ್ಳುವ ಮುನ್ನ ಅದನ್ನು ಓದಿದರೆ ನಿಮ್ಮ ಹಣ ಉಳಿಯುತ್ತದೆ.

ಎರಡನೆಯ ಬಗೆಗೆ ಸೇರಿದ ಒಂದನ್ನು ನಿಮ್ಮ ಕಸುಬಿಗೆ ಹೊಂದುವಂತೆ ಸೂಚಿಸುತ್ತೇವೆ. ಮಾರ್ಕ್ ಲೆವಿನ್ಸನ್ ಅವರ ‘ದಿ ಬಾಕ್ಸ್’ (2006) ಹಡಗಿನ ಕಂಟೇನರಿನ ಚರಿತ್ರೆ. ಲಾರಿ ಸಾಗಣೆಯಿಂದ ಬಂದ ಮ್ಯಾಲ್ಕಂ ಮೆಕ್‌ಲೀನ್ 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನೆವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಕಳಿಸಿದರು. ಬಿಡಿ ಸರಕನ್ನು ಕೂಲಿಗಳ ಕೈಯಿಂದ ಹಡಗಿಗೆ ತುಂಬಿಸಲು ಟನ್ನಿಗೆ 5.83 ಡಾಲರ್ ತಗಲುತ್ತಿದ್ದ ಕಾಲದಲ್ಲಿ ಈ ಹಡಗಿಗೆ ತಗುಲಿದ ವೆಚ್ಚ ಟನ್ನಿಗೆ 16 ಸೆಂಟಿಗಿಂತ ಕಡಿಮೆ. ಇಷ್ಟು ಹೇಳಿ ನಿಲ್ಲಿಸಿದ್ದರೆ ಅದೂ ಸೂತ್ರದ ಪುಸ್ತಕವೇ ಆಗುತ್ತಿತ್ತು. ಆದರೆ ಪೆಟ್ಟಿಗೆಯ ಅಳತೆಯ ಬಗ್ಗೆ ದೇಶಗಳು ಒಪ್ಪಿಕೊಳ್ಳಲು, ಬಂದರಿನ ಕಾರ್ಮಿಕ ಸಂಘಗಳೊಡನೆ ಒಪ್ಪಂದವಾಗಲು, ಕ್ರೇನು ಮತ್ತು ರೈಲು ಹೊಂದಿಕೊಳ್ಳಲು ಎಷ್ಟು ವರ್ಷಗಳು ಹಿಡಿದವು, ಹಳೆಯ ಬಂದರುಗಳ ಬೀದಿಗಳು ಹೇಗೆ ಬರಿದಾದವು ಎಂಬುದಕ್ಕೆ ಲೆವಿನ್ಸನ್ ಹೆಚ್ಚು ಪುಟ ಕೊಡುತ್ತಾರೆ. ತೈಲದ ಬೆಲೆ ಏರುತ್ತಲೇ ಇರುತ್ತದೆಂದು ನಂಬಿ, ಇಂಧನ ಉಳಿಸುವ ನಿಧಾನಗತಿಯ ದೊಡ್ಡ ಹಡಗುಗಳನ್ನು ಕಟ್ಟಿಸಿದ ಮೆಕ್‌ಲೀನ್ ಅವರ ಕಂಪನಿಯೇ, ತೈಲ ಅಗ್ಗವಾದ ಮೇಲೆ, 1986ರಲ್ಲಿ ದಿವಾಳಿಯಾಯಿತು ಎಂಬುದೂ ಅಲ್ಲಿದೆ.

ಬಳ್ಳಾರಿಯಲ್ಲಿ ಡೆನಿಮ್ ಬಟ್ಟೆ ಹೊರಗಿನಿಂದ ಬಂದು, ಒಂದು ಕಡೆ ಕಟಿಂಗ್ ಆಗಿ, ಪೀಸ್ ಲೆಕ್ಕದಲ್ಲಿ ಇನ್ನೊಂದು ಕಡೆ ಹೊಲಿಗೆಯಾಗಿ, ಮತ್ತೊಂದು ಕಡೆ ವಾಷಿಂಗ್ ಮುಗಿಸಿ, ಗುಂಡಿ ಲೇಬಲ್ಲುಗಳ ಕೆಲಸಕ್ಕೆ ಇನ್ನೊಂದೆಡೆ ಹೋಗುತ್ತದೆ. ಒಂದು ಪ್ಯಾಂಟಿನ ವೆಚ್ಚದಲ್ಲಿ ಹೊಲಿಗೆಗೆ ಎಷ್ಟು, ಈ ಓಡಾಟಕ್ಕೆ ಮತ್ತು ಕಾಯುವುದಕ್ಕೆ ಎಷ್ಟು ಎಂದು ನೀವು ಬರೆದಿಟ್ಟುಕೊಂಡು ಆ ಪುಸ್ತಕವನ್ನು ಓದಿ. ಆಗ ಅದು ಅಮೆರಿಕದ ಕಥೆಯಾಗಿ ಉಳಿಯುವುದಿಲ್ಲ.

ಪ್ರಶ್ನೆ: ಗಂಜ್‌ನಲ್ಲಿ ಹತ್ತಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಜಾಗತೀಕರಣದ ಪುಸ್ತಕಗಳಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಬಿಟ್ಟರೆ ಕರ್ನಾಟಕವೇ ಕಾಣುವುದಿಲ್ಲ. ಹತ್ತಿಯ ದರ ಇಲ್ಲಿ ಏರಿಳಿಯುವುದಕ್ಕೂ ಹೊರಗಿನ ಜಗತ್ತಿಗೂ ಇರುವ ನಂಟನ್ನು ತಿಳಿಸುವ ಪುಸ್ತಕ ಯಾವುದಾದರೂ ಇದೆಯೇ?
(ರಾಯಚೂರು)

ಉತ್ತರ: ಇದೆ. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಅಧ್ಯಾಪಕಿ ಪಿಯೆತ್ರಾ ರಿವೋಲಿ 2005ರಲ್ಲಿ ಬರೆದ, ಒಂದು ಟೀ ಶರ್ಟಿನ ಪ್ರಯಾಣವನ್ನು ಕುರಿತ ‘ದಿ ಟ್ರಾವೆಲ್ಸ್ ಆಫ್ ಎ ಟಿ-ಶರ್ಟ್ ಇನ್ ದಿ ಗ್ಲೋಬಲ್ ಎಕಾನಮಿ’. ಫ್ಲಾರಿಡಾದ ಅಂಗಡಿಯೊಂದರಲ್ಲಿ 5.99 ಡಾಲರಿಗೆ ಕೊಂಡ ಅಂಗಿಯ ಹಿಂದೆ ಅವರು ಹೊರಡುತ್ತಾರೆ. ಹತ್ತಿ ಬೆಳೆದದ್ದು ಅಮೆರಿಕದ ಟೆಕ್ಸಸ್ ರಾಜ್ಯದ ಲಬಕ್ ಸುತ್ತಿನ ಹೊಲಗಳಲ್ಲಿ, ನೂಲಾಗಿ ಅಂಗಿಯಾದದ್ದು ಚೀನಾದ ಶಾಂಘೈ ಕಡೆ, ತೊಟ್ಟು ಬಿಸಾಡಿದ ಮೇಲೆ ಅಂಥ ಅಂಗಿಗಳು ಮಾರಾಟವಾಗುವುದು ಆಫ್ರಿಕದ ಟಾಂಜಾನಿಯಾದ ಸಂತೆಗಳಲ್ಲಿ.

ಕೂಲಿ ದುಬಾರಿಯಾದ ಅಮೆರಿಕದಲ್ಲಿ ಹತ್ತಿ ಬೆಳೆದು ಜಗತ್ತಿಗೆ ಮಾರಲು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರ ರಾಯಚೂರಿನವರು ನಿಧಾನವಾಗಿ ಓದಬೇಕಾದದ್ದು. ಯಂತ್ರಗಳು ಮತ್ತು ಸರ್ಕಾರದ ಸಬ್ಸಿಡಿ ಕಾರಣಗಳೆಂಬುದು ನಿಮಗೆ ಗೊತ್ತೇ ಇರುತ್ತದೆ. ಅವರು ಒತ್ತಿ ಹೇಳುವ ಇನ್ನೊಂದು ಕಾರಣ ಸಂಘಟನೆಯದು. ಅಲ್ಲಿನ ಬೆಳೆಗಾರರು ಜಿನ್ನಿಂಗ್ (ಹತ್ತಿಯಿಂದ ಕಾಳು ಬೇರ್ಪಡಿಸುವ ಕೆಲಸ), ಎಣ್ಣೆ ಗಿರಣಿ ಮತ್ತು ಮಾರಾಟದ ವ್ಯವಸ್ಥೆಯಲ್ಲಿ ಸಹಕಾರಿ ಸಂಘಗಳ ಮೂಲಕ ತಾವೇ ಪಾಲುದಾರರಾಗಿದ್ದಾರೆ. ಹೀಗಾಗಿ ಅರಳೆಯ ಬೆಲೆ ಬಿದ್ದ ವರ್ಷದಲ್ಲೂ ಹತ್ತಿಕಾಳಿನ ಎಣ್ಣೆ, ಹಿಂಡಿ, ಸಿಪ್ಪೆಗಳಿಂದ ಬರುವ ಹಣದಲ್ಲಿ ಅವರಿಗೊಂದು ಭಾಗ ಸಿಗುತ್ತದೆ. ನಮ್ಮಲ್ಲಿ ರೈತ ಕಾಳುಸಮೇತ ಹತ್ತಿಯನ್ನು ತಂದು ಗಂಜ್‌ನಲ್ಲಿ ಸುರಿಯುತ್ತಾನೆ. ಕ್ವಿಂಟಲ್ ಹತ್ತಿಯಲ್ಲಿ ಅರಳೆ ಸುಮಾರು ಮೂರನೆಯ ಒಂದು ಭಾಗ ಮಾತ್ರ, ಉಳಿದದ್ದರಲ್ಲಿ ಹೆಚ್ಚಿನದು ಕಾಳು ಎಂಬುದು ನಿಮ್ಮ ಲೆಕ್ಕದ ಪುಸ್ತಕದಲ್ಲೇ ಇರುತ್ತದೆ. ಆ ಕಾಳಿನ ಹಿಂಡಿಯ ದರ ಏರಿದಾಗ ಅದರ ಲಾಭ ಎಲ್ಲಿ ನಿಲ್ಲುತ್ತದೆ ಎಂಬುದು ಓದಿನ ಜೊತೆಗೆ ನೀವೇ ಕೇಳಿಕೊಳ್ಳಬಹುದಾದ ಪ್ರಶ್ನೆ.

ರಿವೋಲಿಯವರ ವಾದದ ತಿರುಳು ಇಷ್ಟು: ಹತ್ತಿ ಮತ್ತು ಬಟ್ಟೆಯ ವ್ಯಾಪಾರದಲ್ಲಿ ಮುಕ್ತ ಪೈಪೋಟಿಗಿಂತ ಪೈಪೋಟಿಯಿಂದ ತಪ್ಪಿಸಿಕೊಳ್ಳುವ ರಾಜಕೀಯವೇ ಹೆಚ್ಚು ನಡೆಯುತ್ತದೆ. ಶ್ರೀಮಂತ ದೇಶಗಳು ಹೊರಗಿನ ಬಟ್ಟೆಗೆ ಹಾಕಿದ್ದ ಕೋಟಾ ಪದ್ಧತಿ 2005ರ ಜನವರಿ 1ರಂದು ಕೊನೆಗೊಂಡಿತು. ಅಮೆರಿಕದ ಹತ್ತಿ ಸಬ್ಸಿಡಿಯ ವಿರುದ್ಧ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದರೂ ಅಂತಿಮ ರಾಜಿಯಾದದ್ದು 2014ರಲ್ಲಿ. ನಮ್ಮ ಕಡೆಯದನ್ನೇ ನೋಡಿದರೆ, 2021ರ ಬಜೆಟ್ಟಿನಲ್ಲಿ ಹತ್ತಿಯ ಆಮದಿನ ಮೇಲೆ ಬಂದ ಸುಂಕ ಎಲ್ಲ ಸೇರಿ ಶೇಕಡಾ 11 ಆಗಿತ್ತು. ಇಲ್ಲಿ ದರ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿದ್ದ 2022ರಲ್ಲಿ ಅದನ್ನು ಕೆಲವು ತಿಂಗಳು ತೆಗೆದರು; 2025ರ ಆಗಸ್ಟಿನಲ್ಲಿ, ಹೊಸ ಹತ್ತಿ ಬರುವುದಕ್ಕೆ ಸ್ವಲ್ಪ ಮುಂಚೆ, ಮತ್ತೆ ತೆಗೆದರು. ನೂಲಿನ ಗಿರಣಿಗಳಿಗೆ ಅದು ಅನುಕೂಲ, ಬಿಡಿಸಿದ ಹತ್ತಿಯನ್ನು ಮನೆಯಲ್ಲಿ ತುಂಬಿಟ್ಟುಕೊಂಡವರಿಗೆ ಆತಂಕ. ಪುಸ್ತಕವನ್ನು ಓದಿ ಮುಗಿಸಿದವರು ಇಂಥ ಸುದ್ದಿಯನ್ನು ಮೊದಲಿನಂತೆ ಓದುವುದಿಲ್ಲ.

ಕೊರತೆಯನ್ನೂ ಹೇಳಬೇಕು. ಮೂರು ನಾಲ್ಕು ಎಕರೆಯ ರೈತ, ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು, ಮುಂಗಡ ಕೊಟ್ಟು ಬೆಳೆ ತರಿಸಿಕೊಳ್ಳುವ ಅಡತಿಯವರು, ಇವರಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಅದನ್ನು ಬರೆಯಬಲ್ಲವರು ನಿಮ್ಮಂಥವರೇ.

ಪ್ರಶ್ನೆ: ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆಯುವ ಕಬ್ಬಿಣ) ಘಟಕದಲ್ಲಿ ಕೆಲಸ ಮಾಡುವ ಡಿಪ್ಲೊಮಾದವನು ನಾನು. ‘ಡಿಸ್ರಪ್ಷನ್’ ಎಂಬ ಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. ಅದರ ಮೂಲಪುಸ್ತಕದಲ್ಲಿ ಉಕ್ಕಿನ ಕಾರ್ಖಾನೆಗಳ ಉದಾಹರಣೆ ಇದೆಯಂತೆ. ನಮ್ಮ ಕೆಲಸಕ್ಕೆ ಅದು ಅನ್ವಯಿಸುತ್ತದೆಯೇ?
(ಗಿಣಿಗೇರಾ, ಕೊಪ್ಪಳ ಜಿಲ್ಲೆ)

ಉತ್ತರ: ಹಾರ್ವರ್ಡಿನ ಪ್ರಾಧ್ಯಾಪಕರಾಗಿದ್ದ ಕ್ಲೇಟನ್ ಕ್ರಿಸ್ಟೆನ್ಸನ್ ಅವರ ‘ದಿ ಇನ್ನೋವೇಟರ್ಸ್ ಡಿಲೆಮ್ಮಾ’ 1997ರಲ್ಲಿ ಬಂತು. ಕಂಪ್ಯೂಟರಿನ ಡಿಸ್ಕ್, ಮಣ್ಣು ಅಗೆಯುವ ಯಂತ್ರ ಮತ್ತು ಉಕ್ಕು ಅದರ ಮುಖ್ಯ ಉದಾಹರಣೆಗಳು. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವ ಸಣ್ಣ ಗಿರಣಿಗಳು ಅಮೆರಿಕದಲ್ಲಿ 1960ರ ದಶಕದಲ್ಲಿ ಬಂದಾಗ ಅವುಗಳ ಉಕ್ಕು ಕಟ್ಟಡದ ಕಂಬಿಗಷ್ಟೇ ಸಾಕಾಗುವಂತಿತ್ತು. ಕಂಬಿಯಲ್ಲಿ ಲಾಭ ಕಡಿಮೆಯಾದ್ದರಿಂದ ಅದಿರಿನಿಂದಲೇ ಉಕ್ಕು ಮಾಡುವ ದೊಡ್ಡ ಕಾರ್ಖಾನೆಗಳು ಆ ಮಾರುಕಟ್ಟೆಯನ್ನು ಸಂತೋಷದಿಂದಲೇ ಬಿಟ್ಟುಕೊಟ್ಟವು. ಸಣ್ಣವು ಅಲ್ಲಿಂದ ಆಂಗಲ್‌ಗಳಿಗೆ, ದಪ್ಪ ಸರಳುಗಳಿಗೆ, ಆಮೇಲೆ ತೊಲೆಗಳಿಗೆ ಏರಿದವು. 1989ರಲ್ಲಿ ನ್ಯೂಕೋರ್ ಕಂಪನಿ ಇಂಡಿಯಾನಾ ರಾಜ್ಯದ ಕ್ರಾಫರ್ಡ್ಸ್‌ವಿಲ್ಲಿನಲ್ಲಿ ತಗಡನ್ನೂ ಮಾಡತೊಡಗಿತು. ದೊಡ್ಡ ಕಾರ್ಖಾನೆಗಳು ಒಂದೊಂದು ಹೆಜ್ಜೆಯಲ್ಲೂ ಲೆಕ್ಕಕ್ಕೆ ಸರಿಯಾದದ್ದನ್ನೇ ಮಾಡಿ, ಕೊನೆಗೆ ನೆಲೆ ಕಳೆದುಕೊಂಡವು ಎಂಬುದು ಪುಸ್ತಕದ ಮುಖ್ಯ ಮಾತು. ಒಳ್ಳೆಯ ನಿರ್ವಹಣೆಯೇ ಸೋಲಿಗೆ ಕಾರಣವಾಗಬಹುದೆಂಬ ಈ ಹೊಳಹು ಬೆಲೆಯುಳ್ಳದ್ದು. ಹೀಗೆ ಕೆಳಗಿನ ಮಾರುಕಟ್ಟೆಯಿಂದ ಶುರುವಾಗಿ ಮೇಲೇರಿ ದೊಡ್ಡವರ ನೆಲೆ ತಪ್ಪಿಸುವುದಕ್ಕೇ ‘ಡಿಸ್ರಪ್ಷನ್’ ಎಂಬ ಹೆಸರು; ಹೊಸದೆಲ್ಲವನ್ನೂ ಆ ಹೆಸರಿನಿಂದ ಕರೆಯುವುದು ಲೇಖಕರಿಗೇ ಒಪ್ಪಿಗೆಯಿರಲಿಲ್ಲ.

ಅದನ್ನು ತೋರಣಗಲ್ಲು–ಗಿಣಿಗೇರಾ ಪಟ್ಟಿಯಲ್ಲಿ ಒರೆಗೆ ಹಚ್ಚಿದರೆ ಕಥೆ ಬೇರೆಯಾಗುತ್ತದೆ. ತೋರಣಗಲ್ಲಿನ ಕಾರ್ಖಾನೆ 1999ರಲ್ಲಿ ಆಸ್ಟ್ರಿಯಾದ ವೋಯೆಸ್ಟ್ ಆಲ್ಪೀನೆ ಕಂಪನಿಯ ಕೋರೆಕ್ಸ್ ತಂತ್ರವನ್ನು ಭಾರತದಲ್ಲಿ ಮೊದಲ ಬಾರಿಗೆ ತಂದಿತು. ಊದುಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ದುರ್ಲಭವಾದ ದೇಶದಲ್ಲಿ ಬಹುಮಟ್ಟಿಗೆ ಸಾಧಾರಣ ಕಲ್ಲಿದ್ದಲನ್ನೇ ಬಳಸಿ ಕಬ್ಬಿಣ ಕರಗಿಸುವುದು, ಹೊರಬರುವ ಅನಿಲದಿಂದ ವಿದ್ಯುತ್ ಮಾಡುವುದು ಅದರ ಆಕರ್ಷಣೆಯಾಗಿತ್ತು. ಆಮೇಲೆ ಅದೇ ಕಾರ್ಖಾನೆ ಸಾಂಪ್ರದಾಯಿಕ ಊದುಕುಲುಮೆಗಳನ್ನೂ ಕಟ್ಟಿ ಬೆಳೆಯಿತು. ಎಂದರೆ ಹೊಸ ತಂತ್ರವನ್ನು ತಂದದ್ದು ಇಲ್ಲಿ ದೊಡ್ಡವರೇ, ಮತ್ತು ಬೆಳವಣಿಗೆಗೆ ಅವರು ಹಳೆಯ ತಂತ್ರವನ್ನು ಬಿಡಲೂ ಇಲ್ಲ. ನಿಮ್ಮದರಂಥ ಸ್ಪಾಂಜ್ ಐರನ್ ಘಟಕಗಳು ಸಣ್ಣವಾದರೂ ಅಮೆರಿಕದ ಗುಜರಿ ಗಿರಣಿಗಳಂತೆ ಅದಿರಿನಿಂದ ಬಿಡುಗಡೆ ಪಡೆದವಲ್ಲ. ಅದಿರಿಲ್ಲದೆ ಅವುಗಳಿಗೆ ಬದುಕೇ ಇಲ್ಲ.

ಆ ಅದಿರಿನ ಭವಿಷ್ಯವನ್ನು ನಿರ್ಧರಿಸಿದ್ದು ತಂತ್ರಜ್ಞಾನವಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮೊದಲಿನ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ದರ ಏರಿ, ಸಂಡೂರು–ಹೊಸಪೇಟೆ ಸೀಮೆಯ ಅದಿರು ಹಗಲಿರುಳು ಬಂದರುಗಳಿಗೆ ಸಾಗಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತನ್ನು ತಡೆಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದಿರು ಇ-ಹರಾಜಿಗೆ ಹೋದ ಆ ಕಾಲದಲ್ಲಿ ಎಷ್ಟೋ ಸ್ಪಾಂಜ್ ಐರನ್ ಘಟಕಗಳ ಕುಲುಮೆಗಳು ಆರಿದವು. ಕಡ್ಡಾಯ ಇ-ಹರಾಜನ್ನು ಕೈಬಿಟ್ಟು ರಫ್ತಿಗೆ ಮತ್ತೆ ಅವಕಾಶ ಕೊಟ್ಟದ್ದು 2022ರ ಮೇ ತಿಂಗಳಿನ ಆದೇಶ. ಅರಣ್ಯ, ರಸ್ತೆ, ನ್ಯಾಯಾಲಯ, ಬಂದರು ಇವು ಯಾವುವೂ ಕ್ರಿಸ್ಟೆನ್ಸನ್ ಅವರ ಚಿತ್ರದಲ್ಲಿ ಬರುವುದಿಲ್ಲ. ಇತಿಹಾಸಕಾರ್ತಿ ಜಿಲ್ ಲೆಪೋರ್ 2014ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಆ ಪುಸ್ತಕದ ಉದಾಹರಣೆಗಳನ್ನೇ ಮರುಪರಿಶೀಲಿಸಿ, ಅನುಕೂಲವಾದವನ್ನಷ್ಟೇ ಆರಿಸಿಕೊಂಡಂತಿದೆ ಎಂದು ಆಕ್ಷೇಪಿಸಿದ್ದರು. ಎರಡನ್ನೂ ಒಟ್ಟಿಗೆ ಓದಿ. ಮೊದಲು ಪುಸ್ತಕ, ಆಮೇಲೆ ಆಕ್ಷೇಪ. ಉಕ್ಕಿನ ಅಧ್ಯಾಯವನ್ನು ಮಾತ್ರ ನಿಮ್ಮ ವೃತ್ತಿಯ ತಿಳಿವಳಿಕೆಯಿಂದ ಸಾಲು ಸಾಲಾಗಿ ಓದಬೇಕು, ಏಕೆಂದರೆ ಅಲ್ಲಿ ನಿಮಗೆ ಗೊತ್ತಿರುವಷ್ಟು ಕುಲುಮೆಯ ವಿಷಯ ಆ ಪುಸ್ತಕವನ್ನು ಹೊಗಳುವ ಬಹಳ ಮಂದಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ‘ಜಗತ್ತು ಚಪ್ಪಟೆಯಾಗಿದೆ’ ಎಂಬ ಮಾತನ್ನು ಈಗಲೂ ನಂಬಬಹುದೇ? ನಮ್ಮದು ರೈಸ್ ಮಿಲ್.
(ಗಂಗಾವತಿ)

ಉತ್ತರ: ಥಾಮಸ್ ಫ್ರೀಡ್ಮನ್ ಅವರ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ 2005ರದು. ಇನ್ಫೋಸಿಸ್‌ನ ನಂದನ್ ನಿಲೇಕಣಿಯವರು ಬೆಂಗಳೂರಿನಲ್ಲಿ ಆಡಿದ ಒಂದು ಮಾತಿನಿಂದ, ಆಟದ ಮೈದಾನ ಈಗ ಎಲ್ಲರಿಗೂ ಸಮತಟ್ಟಾಗುತ್ತಿದೆ ಎಂಬ ಅರ್ಥದ ಮಾತಿನಿಂದ, ಆ ಶೀರ್ಷಿಕೆ ಹುಟ್ಟಿತು. ತಂತಿಯ ಮೇಲೆ ಹೋಗುವ ಕೆಲಸಕ್ಕೆ ಅದು ಆ ಕಾಲದಲ್ಲಿ ಬಹಳಷ್ಟು ನಿಜವಾಗಿತ್ತು. ಚೀಲದಲ್ಲಿ ಹೋಗುವ ಸರಕಿಗೆ ಎಷ್ಟು ನಿಜವೆಂಬುದನ್ನು ಗಂಗಾವತಿಯವರಿಗೆ ನಾವು ಹೇಳಬೇಕಾಗಿಲ್ಲ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸೋನಾ ಮಸೂರಿಗಾಗಿ ಸಾಲುಗಳು ನಿಂತವು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇಕಡಾ 40ರಷ್ಟು ಪಾಲುಳ್ಳ ದೇಶ ಬಾಗಿಲು ಹಾಕಿದರೆ ಆಫ್ರಿಕದ ಬಂದರುಗಳಿಗೂ ಅದು ಮುಟ್ಟುತ್ತದೆ. ಆ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ ಕೊನೆಯಲ್ಲಿ.

ಪಂಕಜ್ ಘೇಮಾವತ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲೇ ಫ್ರೀಡ್ಮನ್ ಅವರಿಗೆ ಉತ್ತರ ಬರೆದು, ಬಂಡವಾಳ, ಫೋನ್ ಕರೆ, ವಲಸೆ ಮುಂತಾದವುಗಳಲ್ಲಿ ಗಡಿ ದಾಟುವ ಪಾಲು ಹತ್ತರಲ್ಲಿ ಒಂದರ ಆಸುಪಾಸಿನಲ್ಲಷ್ಟೇ ಇದೆ ಎಂದು ಅಂಕಿಗಳಿಂದ ತೋರಿಸಿದರು. ದೇಶಗಳ ನಡುವಿನ ದೂರವನ್ನು ಮೈಲಿಗಳಲ್ಲಷ್ಟೇ ಅಲ್ಲದೆ ಸಂಸ್ಕೃತಿ, ಆಡಳಿತ ಮತ್ತು ಆರ್ಥಿಕ ಸ್ಥಿತಿಗಳಲ್ಲೂ ಅಳೆಯಬೇಕೆಂಬುದು ಅವರ ‘ರಿಡಿಫೈನಿಂಗ್ ಗ್ಲೋಬಲ್ ಸ್ಟ್ರಾಟಜಿ’ ಎಂಬ ಪುಸ್ತಕದ ವಾದ. ನ್ಯೂಜೆರ್ಸಿಯ ತೆಲುಗು ಅಥವಾ ಕನ್ನಡದ ಮನೆ ಮೈಲಿಗಳಲ್ಲಿ ನಿಮಗೆ ಬಹುದೂರ, ಊಟದ ತಟ್ಟೆಯಲ್ಲಿ ಬಹಳ ಹತ್ತಿರ, ಆಡಳಿತದಲ್ಲಿ ಒಂದು ಅಧಿಸೂಚನೆಯಷ್ಟು ದೂರ. ಫ್ರೀಡ್ಮನ್ ಅವರನ್ನು 2005ರ ಉತ್ಸಾಹದ ದಾಖಲೆಯಾಗಿ ಓದಿ. ವ್ಯವಹಾರಕ್ಕೆ ಘೇಮಾವತ್ ಹೆಚ್ಚು ಒದಗುತ್ತಾರೆ.

ಪ್ರಶ್ನೆ: ನನ್ನದು ಬೀಜ, ಗೊಬ್ಬರದ ಅಂಗಡಿ. ಹೊಸ ತಳಿ ಬಂದಾಗ ಕೆಲವರು ತಕ್ಷಣ ಒಯ್ಯುತ್ತಾರೆ, ಕೆಲವರು ಎಷ್ಟು ಹೇಳಿದರೂ ಒಯ್ಯುವುದಿಲ್ಲ. ಇದನ್ನು ವಿವರಿಸುವ ಪುಸ್ತಕವಿದೆಯೇ?
(ಮಾನ್ವಿ)

ಉತ್ತರ: ಈ ವಿಷಯದ ಶಾಸ್ತ್ರವೇ ಬೀಜದಿಂದ ಹುಟ್ಟಿತು. ಅಮೆರಿಕದ ಅಯೋವಾ ರಾಜ್ಯದ ರೈತರು ಹೈಬ್ರಿಡ್ ಮೆಕ್ಕೆಜೋಳವನ್ನು ಹೇಗೆ ಒಪ್ಪಿಕೊಂಡರೆಂಬ ಬಗ್ಗೆ ರಯಾನ್ ಮತ್ತು ಗ್ರಾಸ್ ಎಂಬ ಸಂಶೋಧಕರು 1943ರಲ್ಲಿ ಪ್ರಕಟಿಸಿದ ಅಧ್ಯಯನವೇ ಎವರೆಟ್ ರೋಜರ್ಸ್ ಅವರ ‘ಡಿಫ್ಯೂಷನ್ ಆಫ್ ಇನ್ನೋವೇಷನ್ಸ್’ (1962) ಪುಸ್ತಕದ ತಳಹದಿ. ಮೊದಲಿಗರು, ಅವರನ್ನು ನೋಡಿ ಬರುವವರು, ಬಹುಸಂಖ್ಯಾತರು, ಕೊನೆಯವರು ಎಂದು ಈಗ ಮೊಬೈಲ್ ಕಂಪನಿಗಳೂ ಬಳಸುವ ವಿಂಗಡಣೆ ಅಲ್ಲಿಂದಲೇ ಬಂದದ್ದು. ರೋಜರ್ಸ್ ಅಯೋವಾದ ರೈತರ ಮಗ. ಅವರ ತಂದೆ ಹೊಸ ಯಂತ್ರವೆಂದರೆ ಮುಂದು, ಹೊಸ ಬೀಜವೆಂದರೆ ಹಿಂದು. 1936ರ ಬರದಲ್ಲಿ ನೆರೆಯವರ ಹೈಬ್ರಿಡ್ ಬೆಳೆ ನಿಂತು ತಮ್ಮದು ಒಣಗಿದ ಮೇಲೆ ಒಪ್ಪಿಕೊಂಡರಂತೆ.

ಹೊಸದು ಒಳ್ಳೆಯದೇ, ಒಪ್ಪದವನು ಹಿಂದುಳಿದವನು ಎಂಬ ಪಕ್ಷಪಾತ ಈ ಶಾಸ್ತ್ರದಲ್ಲಿದೆ ಎಂದು ರೋಜರ್ಸ್ ತಾವೇ ಎಚ್ಚರಿಸಿದ್ದಾರೆ. ಕಾಯಿಕೊರಕ ಹುಳುವನ್ನು ತಡೆಯಲೆಂದು ರೂಪಿಸಿ, 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿ ಕೆಲವೇ ವರ್ಷಗಳಲ್ಲಿ ದೇಶದ ಹೆಚ್ಚಿನ ಹತ್ತಿ ಹೊಲಗಳನ್ನು ಆವರಿಸಿತು. ಪ್ಯಾಕೆಟ್ಟಿನ ಜೊತೆ ಬರುತ್ತಿದ್ದ 120 ಗ್ರಾಂ ನಾನ್-ಬಿಟಿ ಬೀಜವನ್ನು ಹೊಲದ ಸುತ್ತ ಹಾಕಬೇಕಿತ್ತು, ಹುಳು ಬೇಗ ಒಗ್ಗಿಕೊಳ್ಳದಿರಲೆಂದು. ಎಷ್ಟು ಜನ ಹಾಕಿದರು ಎಂಬುದನ್ನು ನಿಮ್ಮ ಅಂಗಡಿಯ ಕಟ್ಟೆಯಲ್ಲಿ ಕೇಳಿದರೆ ನಗು ಬರುತ್ತದೆ. ಬೀಜ ಹರಡಿದಷ್ಟು ಬೇಗ ಅದನ್ನು ಬಳಸುವ ಕಟ್ಟುಪಾಡು ಹರಡಲಿಲ್ಲ. ಗುಲಾಬಿ ಕಾಯಿಕೊರಕ ಮರಳಿ ಬಂತು. ಒಯ್ಯದವರ ಪಟ್ಟಿಯನ್ನು ನೀವು ಬರೆದಿಟ್ಟುಕೊಳ್ಳುವುದಾದರೆ ಪ್ರತಿ ಹೆಸರಿನ ಮುಂದೆ ಕಾರಣವನ್ನೂ ಬರೆಯಿರಿ. ಸಾಲ, ಕಾಲುವೆಯ ಕೊನೆಯ ಭಾಗದ ನೀರು, ಕಳೆದ ವರ್ಷದ ಪೆಟ್ಟು, ಇವೆಲ್ಲ ಮೊಂಡುತನವಲ್ಲ.

ಪ್ರಶ್ನೆ: ಕೃತಕ ಬುದ್ಧಿಮತ್ತೆ ಬಂದ ಮೇಲೆ ಹತ್ತಿಪ್ಪತ್ತು ವರ್ಷ ಹಳೆಯ ತಂತ್ರಜ್ಞಾನದ ಪುಸ್ತಕಗಳನ್ನು ಓದಿ ಏನು ಪ್ರಯೋಜನ?
(ಸಿಂಧನೂರು)

ಉತ್ತರ: ಭವಿಷ್ಯ ಹೇಳುವ ಪುಸ್ತಕಗಳು ಬೇಗ ಹಳತಾಗುತ್ತವೆ, ಅವನ್ನು ಬಿಡಿ. ನಡೆದದ್ದನ್ನು ಹೇಳುವವು ಹಾಗಲ್ಲ. ಎಡಿಸನ್ ಅವರ ವಿದ್ಯುತ್ ಕೇಂದ್ರ ನ್ಯೂಯಾರ್ಕಿನಲ್ಲಿ 1882ರಲ್ಲಿ ಆರಂಭವಾದರೂ ಕಾರ್ಖಾನೆಗಳಲ್ಲಿ ಅದರ ನಿಜವಾದ ಲಾಭ ಕಂಡದ್ದು 1920ರ ದಶಕದಲ್ಲಿ. ಉಗಿಯಂತ್ರ ಇದ್ದ ಜಾಗದಲ್ಲಿ ದೊಡ್ಡ ಮೋಟಾರನ್ನಿಟ್ಟು, ಹಳೆಯ ಬೆಲ್ಟುಗಳನ್ನೇ ಉಳಿಸಿಕೊಂಡಾಗ ಹೆಚ್ಚೇನೂ ಬದಲಾಗಲಿಲ್ಲ. ಪ್ರತಿ ಯಂತ್ರಕ್ಕೂ ಅದರದೇ ಮೋಟಾರು ಬಂದು, ಕೆಲಸದ ಜಾಗವನ್ನೇ ಹೊಸದಾಗಿ ಹೊಂದಿಸಿದಾಗ ಬದಲಾಯಿತು. ಇದನ್ನು 1990ರಲ್ಲಿ ಪಾಲ್ ಡೇವಿಡ್ ಎಂಬ ಆರ್ಥಿಕ ಇತಿಹಾಸಕಾರರು ಕಂಪ್ಯೂಟರಿಗೆ ಹೋಲಿಸಿ ಬರೆದರು. ಈಗಿನ ಚರ್ಚೆಗೂ ಅದು ಹೊಂದುತ್ತದೆ.

ಪ್ರಶ್ನೆ: ಪದವಿ ಕೊನೆಯ ವರ್ಷದ ವಿದ್ಯಾರ್ಥಿನಿ ನಾನು, ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಥ ಪುಸ್ತಕಗಳು ಇಂಗ್ಲಿಷಿನಲ್ಲೇ ಇವೆ, ಬೆಲೆಯೂ ಹೆಚ್ಚು. ಹದಿನೈದು ನಿಮಿಷದಲ್ಲಿ ಸಾರಾಂಶ ಹೇಳುವ ವಿಡಿಯೊಗಳು ಸಾಕಾಗುವುದಿಲ್ಲವೇ?
(ಕೊಪ್ಪಳ)

ಉತ್ತರ: ಸೂತ್ರದ ಪುಸ್ತಕಗಳಿಗೆ ಸಾರಾಂಶ ಧಾರಾಳವಾಗಿ ಸಾಕು, ಅವುಗಳಲ್ಲಿ ಅದಕ್ಕಿಂತ ಹೆಚ್ಚಿನದು ಇರುವುದೂ ಕಡಿಮೆ. ಒಂದು ವಸ್ತುವಿನ ಬೆನ್ನುಹತ್ತಿ ಹೋಗುವ ಪುಸ್ತಕಗಳಿಗೆ ಸಾಕಾಗುವುದಿಲ್ಲ, ಏಕೆಂದರೆ ಸಾರಾಂಶ ಮಾಡುವವರು ಮೊದಲು ಕತ್ತರಿಸುವುದೇ ಸೋತವರ ಕಥೆಯನ್ನು, ತಡವಾದ ವರ್ಷಗಳನ್ನು ಮತ್ತು ಲೆಕ್ಕಗಳನ್ನು. ಭಾಷೆಯ ಬಗ್ಗೆ ಅಷ್ಟು ಅಂಜಬೇಡಿ. ರಿವೋಲಿ ಮತ್ತು ಲೆವಿನ್ಸನ್ ಇಬ್ಬರೂ ಕಥೆ ಹೇಳುವಂತೆ ಬರೆಯುತ್ತಾರೆ; ಮುನ್ನುಡಿಯನ್ನು ಬಿಟ್ಟು ಹತ್ತಿಯ ಅಧ್ಯಾಯದಿಂದಲೋ ಮೊದಲ ಹಡಗಿನ ಅಧ್ಯಾಯದಿಂದಲೋ ಶುರುಮಾಡಿ, ಓದಿದ್ದನ್ನು ಅಂದೇ ಕನ್ನಡದಲ್ಲಿ ಅರ್ಧ ಪುಟ ಬರೆಯಿರಿ. ಬರೆಯಲು ಬಾರದ ಕಡೆ ನಿಮಗೆ ಅರ್ಥವಾಗಿಲ್ಲ, ಇಲ್ಲವೇ ಲೇಖಕರು ಏನನ್ನೋ ಹಾರಿಸಿದ್ದಾರೆ. ಎರಡನೆಯದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ನಿಜವಾಗಿರುತ್ತದೆ. ಪ್ರಕಟವಾದ ವರ್ಷವನ್ನು ಮೊದಲ ಪುಟದಲ್ಲೇ ನೋಡಿಕೊಳ್ಳಿ, ಪುಸ್ತಕ ಹೊಗಳಿದ ಕಂಪನಿ ಈಗ ಹೇಗಿದೆಯೆಂದು ಹುಡುಕಿ ನೋಡಿ.

ಬೆಲೆಯ ಮಾತಿಗೆ ಬಂದರೆ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಿಮ್ಮ ಮನೆಯವರು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ಬೇಕಾದ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು ಮತ್ತು ವರ್ಷವನ್ನು ಬರೆದು ಖರೀದಿಗೆ ಲಿಖಿತ ಬೇಡಿಕೆ ಕೊಡಿ. ಕಾಲೇಜಿನ ಗೆಳತಿಯರು ನಾಲ್ಕಾರು ಮಂದಿ ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಇ-ಸಾರ್ವಜನಿಕ ಗ್ರಂಥಾಲಯದ ತಾಣದಲ್ಲೂ, ನಿಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೂ ವಿಚಾರಿಸಿ. ಪುಸ್ತಕ ಸಿಕ್ಕಿ, ಅರ್ಧ ಪುಟದ ನಿಮ್ಮ ಬರಹಗಳು ಒಂದಷ್ಟು ಕೂಡಿದಾಗ ನಮಗೂ ಕಳಿಸಿಕೊಡಿ. ಕನ್ನಡದಲ್ಲಿ ಈ ಬಗೆಯ ಓದಿನ ಟಿಪ್ಪಣಿಗಳು ಕಡಿಮೆಯಿರುವುದರಿಂದ ಇದೇ ಪುಟದಲ್ಲಿ ಅವುಗಳಿಗೆ ಜಾಗ ಮಾಡಿಕೊಡುತ್ತೇವೆ.